ಕರೆಯುವ ಬಟ್ಟಲು

ನಮ್ಮ ಮನೆಯಲ್ಲಿ ಕುಂಕುಮದ ಬಟ್ಟಲು ಎರಡಿದ್ದವು. ಒಂದು ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿರುತ್ತಿತ್ತು, ಅದು ದಿನಬಳಕೆಯದು. ಇನ್ನೊಂದು ಹಿತ್ತಾಳೆಯದು, ಅರಿಶಿನಕ್ಕೊಂದು ಕುಂಕುಮಕ್ಕೊಂದು ಗುಳಿ, ನಡುವೆ ಹಿಡಿದುಕೊಳ್ಳಲು ಸಣ್ಣದೊಂದು ನವಿಲು. ಅದನ್ನು ಅವ್ವ ಒಳಕೋಣೆಯ ಪೆಟ್ಟಿಗೆಯಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿರುತ್ತಿದ್ದಳು. ಅದು ಕರೆಯುವ ಬಟ್ಟಲು. ಮದುವೆಯೋ ನಾಮಕರಣವೋ ಇದ್ದಾಗ ಮಾತ್ರ ಹೊರಗೆ ಬರುತ್ತಿತ್ತು. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಆ ಬಟ್ಟಲು ಹಿಡಿದು ಬೀದಿಗಿಳಿದಳೆಂದರೆ ಪ್ರತಿ ಬಾಗಿಲಲ್ಲೂ ಹೆಂಗಸರು ಕೈ ಒರೆಸಿಕೊಂಡು ಬಂದು ಹಣೆ ಮುಂದೆ ಚಾಚುತ್ತಿದ್ದರು. ಕುಂಕುಮ ಹಚ್ಚಿಸಿಕೊಂಡವಳು ಬರುತ್ತೇನೆ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮನೆಯಲ್ಲಿ ಏನೇ ತಾಪತ್ರಯವಿದ್ದರೂ ಅವಳು ಬರಬೇಕು. ಅದಕ್ಕೆ ಪ್ರತಿಯಾಗಿ ಕರೆದವಳ ಮೇಲೂ ಒಂದು ಹೊಣೆಯಿತ್ತು. ಯಾವುದಕ್ಕೆಂದು ಕರೆದಳೋ ಅದು ನಿಜವಾಗಿಯೂ ನಡೆಯಬೇಕು. ಇದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಅವ್ವನ ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ಓಡಾಡುತ್ತ ತಾನಾಗಿಯೇ ತಿಳಿದಿತ್ತು.

ಅಪ್ಪ ಪಂಚಾಯ್ತಿ ಚೇರ್ಮನ್ ಆಗಿದ್ದರು. ಹೀಗಾಗಿ ನಮ್ಮ ಮನೆಯ ಮುಂದಿನ ಅರ್ಧ ಊರಿನದು, ಹಿಂದಿನ ಅರ್ಧ ನಮ್ಮದು. ಜಗಲಿ ಮತ್ತು ಪಡಸಾಲೆಯಲ್ಲಿ ಪಂಚಾಯ್ತಿಯ ಮಡಚುವ ಕುರ್ಚಿಗಳು, ಗೋಡೆಗೆ ಒರಗಿಸಿಟ್ಟ ಡಂಗುರದ ತಮಟೆ, ಸದಾ ಯಾರಾದರೂ ಕುಡಿದಿಟ್ಟ ಕಾಫಿಯ ಲೋಟ. ನಡುಮನೆಯ ಹೊಸ್ತಿಲು ದಾಟಿದರೆ ಅಜ್ಜಿಯ ರಾಜ್ಯ. ನಡುಮನೆಯ ಮೇಲೆ ಅಟ್ಟ. ನಮ್ಮ ಕಡೆಯ ಎಲ್ಲ ಮನೆಗಳಂತೆ ಅಟ್ಟ ನಮ್ಮದಲ್ಲ, ತೆಂಗಿನಕಾಯಿಯದು. ಕಿತ್ತ ಕಾಯಿಯನ್ನು ಸಿಪ್ಪೆಯ ಸಮೇತ ಅಲ್ಲಿ ಹರಡಿದರೆ ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಮಲಗಿರಬೇಕು. ಒಳಗಿನ ನೀರು ನಿಧಾನವಾಗಿ ಬತ್ತಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾದ ಮೇಲೆಯೇ ಇಳಿಸುವುದು. ಅಲ್ಲಿಯತನಕ ಅದನ್ನು ಕದಲಿಸುವಂತಿಲ್ಲ. ನಡುವೆ ಎತ್ತಿ ಹಾಕಿದರೆ ಕಾಯಿ ಕೆಡುತ್ತದೆ. ಮಕ್ಕಳು ಅಟ್ಟಕ್ಕೆ ಹತ್ತಿದರೆ ಬೀಳುತ್ತಿದ್ದ ಏಟು ಅವರು ಬಿದ್ದಾರೆಂಬ ಭಯಕ್ಕಲ್ಲ, ಕಾಯಿ ಅಲ್ಲಾಡೀತೆಂಬ ಭಯಕ್ಕೆ.

ಅಪ್ಪನನ್ನು ನಾನು ತುಂಬ ಹಚ್ಚಿಕೊಂಡಿದ್ದೆ. ಬೆಳಗಿನ ಬಸ್ಸಿಗೆ ತಿಪಟೂರಿನಿಂದ ಬರುತ್ತಿದ್ದ ಪೇಪರನ್ನು ನನ್ನ ಕೈಗೆ ಕೊಟ್ಟು, ಜಗಲಿಯಲ್ಲಿ ಕೂತವರಿಗೆಲ್ಲ ಕೇಳುವಂತೆ ಓದಿಸುತ್ತಿದ್ದರು. ತಡವರಿಸಿದರೆ ಬೈಯುತ್ತಿರಲಿಲ್ಲ. ತಪ್ಪಿಲ್ಲದೆ ಓದಿದ ದಿನ ಎಲ್ಲರ ಎದುರಿಗೆ ನನ್ನ ತಲೆಯ ಮೇಲೆ ಕೈಯಿಟ್ಟು, "ಪಂಚಾಯ್ತಿ ಅಂದ್ರೆ ಇನ್ನೇನಲ್ಲ ಕಣಮ್ಮ, ಒಬ್ಬರ ಮಾತನ್ನ ಇನ್ನೊಬ್ರು ನಂಬೋದು" ಎನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆ.

ಆ ವರ್ಷ ಊರಿಗೆ ಒಬ್ಬ ನರ್ಸನ್ನು ಕೊಡುವುದಾಗಿ ತಾಲ್ಲೂಕು ಆಫೀಸಿನವರು ಹೇಳಿದ್ದರು. ಆಕೆ ಊರಲ್ಲೇ ಇದ್ದು ಹೆರಿಗೆ ಮಾಡಿಸುತ್ತಾಳೆ. ಆದರೆ ಅದಕ್ಕೊಂದು ಕೋಣೆಯನ್ನು ಊರಿನವರೇ ಕಟ್ಟಿಕೊಡಬೇಕು, ಹೆಂಚು ಮತ್ತು ಬಾಗಿಲನ್ನು ಅವರು ಕೊಡುತ್ತಾರೆ. ಅಲ್ಲಿಯವರೆಗೆ ನಮ್ಮೂರಿನ ಕಷ್ಟದ ಹೆರಿಗೆಗಳೆಲ್ಲ ಗಾಡಿಯಲ್ಲಿ ಚಿಕ್ಕನಾಯಕನಹಳ್ಳಿಗೆ ಹೋಗಬೇಕಿತ್ತು. ನನ್ನ ನಂತರ ನಮ್ಮ ಮನೆಯಲ್ಲೂ ಒಂದು ಮಗು ಹುಟ್ಟಬೇಕಾಗಿತ್ತು. ಅವ್ವ ಗಾಡಿಯಲ್ಲಿ ಹೋಗಿ ಬರಿಗೈಯಲ್ಲಿ ಹಿಂದಿರುಗಿದ್ದಳು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ಗಾಡಿಯಲ್ಲಿ ಹಾಸಿದ್ದ ಕಂಬಳಿಯನ್ನು ಮಾತ್ರ ಅವ್ವ ಮತ್ತೆ ಯಾರಿಗೂ ಹಾಸಲು ಕೊಡಲಿಲ್ಲ.

ಅಪ್ಪ ಎರಡು ಸಲ ಡಂಗುರ ಹೊಡೆಸಿದರು. ಮನೆಗೊಬ್ಬರು ಬಂದು ಕೈಜೋಡಿಸಿ ಎಂದರು. ಯಾರೂ ಬರಲಿಲ್ಲ. ಹಿಂದೊಮ್ಮೆ ಹೀಗೆಯೇ ಕರೆದು ದುಡಿಸಿಕೊಂಡು ಹಾಕಿದ ರಸ್ತೆ ಮೆಂಬರೊಬ್ಬರ ತೋಟದ ಬಾಗಿಲಿಗೆ ಹೋಗಿ ನಿಂತಿದ್ದನ್ನು ಜನ ಮರೆತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಬೇಸರದಿಂದ ಮುದ್ದೆ ಮುರಿಯುತ್ತ ಹೇಳಿದರು:

"ಡಂಗುರ ಹೊಡ್ಸಿದ್ರೆ ಕಿವಿ ಮುಚ್ಕತಾರೆ. ಇನ್ನೇನು, ಒಬ್ಬೊಬ್ಬರ ಮನೆಗೂ ಹೋಗಿ ಕುಂಕುಮ ಇಟ್ಟು ಕರಿಬೇಕಾ ಇವರನ್ನ?"

ಅವ್ವ ಉಪ್ಪೆಸರು ಬಡಿಸುತ್ತಿದ್ದವಳು ನಿಂತಳು.

"ಕರುದ್ರೆ ಬತ್ತಾರೆ" ಅಂದಳು.

"ತಮಾಷೆಗಂದೆ ಕಣೇ."

"ನಾನು ತಮಾಷೆಗೆ ಅಂತಿಲ್ಲ. ಕರಿಯೋದು ನಂಗಿರ್ಲಿ. ಕೋಣೆ ಹೆರಿಗೆಗೇ ಆಗ್ತದೆ ಅಂತ ನೀವು ಹೇಳ್ರಿ."

"ಇನ್ಯಾತಕ್ಕಾಗ್ತದೆ? ಹೆರಿಗೆಗೇ."

"ನಂಗಲ್ಲ, ಅತ್ತೆಮ್ಮನ ಮುಂದೆ ಹೇಳ್ರಿ."

ಅಪ್ಪ ನಕ್ಕು, ಅಜ್ಜಿಯ ಕಡೆ ತಿರುಗಿ, ಅನ್ನದ ಮುಂದೆ ಕೂತು ಹೇಳ್ತೀನಿ, ಹೆರಿಗೆಗೇ ಎಂದರು. ಅಜ್ಜಿ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯಿಂದ ತಲೆಯೆತ್ತಲಿಲ್ಲ. ಅವ್ವ ಒಳಗೆ ಹೋಗಿ ಪೆಟ್ಟಿಗೆ ತೆರೆದಳು.

ಶಾಲೆಗೆ ರಜೆಯಿದ್ದ ದಿನ ನಾನೂ ಅವ್ವನ ಜೊತೆ ಹೊರಟೆ. ನಮ್ಮ ಎದುರು ಮನೆಯ ಪುಟ್ಟತಾಯಿಯನ್ನು ಮೊದಲು ಕರೆದೆವು. ಆಗಿನ್ನೂ ಮದುವೆಯಾಗಿ ಬಂದ ಹೊಸತು. ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು. ಕುಂಕುಮ ಹಚ್ಚಿಸಿಕೊಂಡ ಮೇಲೆ ಕೇಳಿದಳು:

"ಯಾರ್ದು ಗೌರಕ್ಕ, ಮದ್ವೆ?"

"ಮದ್ವೆ ಅಲ್ಲ ಕಣೇ. ಸೋಮವಾರ ಮಣ್ಣು ತುಳಿಯಾಕೆ ಬಾ."

"ಮಣ್ಣು ತುಳಿಯಾಕೆ ಕುಂಕುಮ ಇಕ್ತಾರಾ? ಓಟು ಹತ್ರ ಬಂತಾ ನಿಮ್ ಯಜಮಾನ್ರಿಗೆ?"

"ಓಟಿಗಲ್ಲ. ಹೆರಿಗೆ ಕೋಣೆಗೆ. ಕೋಣೆ ಆದ್ರೆ ನರ್ಸಮ್ಮ ಬಂದು ಇಲ್ಲೇ ಇರ್ತಾರೆ. ನಾನು ಕರೀತಿರೋದು ಪುಟ್ಟತಾಯಿ, ಪಂಚಾಯ್ತಿ ಅಲ್ಲ."

ಪುಟ್ಟತಾಯಿ ಸೆರಗು ಬಾಯಿಗೆ ತಂದುಕೊಂಡಳು.

"ಹಂಗಾರೆ ಬಿರ್ರನೆ ಕಟ್ಟಿ ಮುಗಿಸ್ರಕ್ಕ. ಮೊದಲ್ನೇದು ನಂದೇ ಆಗ್ಲಿ."

ಹೀಗೆಯೇ ಬೀದಿಯುದ್ದಕ್ಕೂ ನಡೆಯಿತು. ಕೊನೆಯಲ್ಲಿ ನಂಜಮ್ಮಜ್ಜಿಯ ಮನೆ. ಆಕೆಗೆ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ವಿಧವೆಗೆ ಕುಂಕುಮವಿಟ್ಟು ಕರೆಯುವ ಪದ್ಧತಿಯಿಲ್ಲದ್ದರಿಂದ ಅವ್ವ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಮುಂದೆ ಹೆಜ್ಜೆ ಹಾಕಿದಳು. ಒಳಗಿನಿಂದ ದನಿ ಬಂತು.

"ಯಾಕವ್ವ ಗೌರ, ನಮ್ಮ ಬಾಗ್ಲು ದಾಟಿ ಹೊಂಟೆ? ಕಲ್ಲು ಹೊರಾಕೆ ಹಣೇದೇನು ಕೆಲ್ಸ? ನಂಗೆ ತಲೆ ಗಟ್ಟಿಯಾಗೈತೆ."

ಅವ್ವ ಹಿಂದಿರುಗಿ, ನನ್ನ ತಟ್ಟೆಯಿಂದ ಎರಡು ವೀಳ್ಯದೆಲೆ, ಅಡಿಕೆ ಎತ್ತಿ ಎರಡೂ ಕೈಯಲ್ಲಿ ಕೊಟ್ಟಳು. ನಂಜಮ್ಮಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಅವ್ವ ಒಂದು ಪದ್ಧತಿಯನ್ನು ಬಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬೇಸಾಯವಿಲ್ಲದ ಆ ದಿನವನ್ನೇ ಅವ್ವ ಆರಿಸಿದ್ದಳು. ಮೊದಲ ಸೋಮವಾರ ಶಾಲೆಯ ಹಿಂದಿನ ಬಯಲಿಗೆ ಹೆಂಗಸರು ಬಂದದ್ದು ನನಗೆ ಈಗಲೂ ಕಾಣುತ್ತದೆ. ಕರೆದದ್ದು ಕುಂಕುಮವಿಟ್ಟಾದ್ದರಿಂದ ಬರಿತಲೆಯಲ್ಲಿ ಬರಬಾರದೆಂದು ಎಲ್ಲರೂ ಹೂ ಮುಡಿದುಕೊಂಡು ಬಂದಿದ್ದರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಯಲ್ಲಿ ಕನಕಾಂಬರ ಮುಡಿದು ಕೆಸರು ತುಳಿದರು. ಮಂಕರಿಯಲ್ಲಿ ಮಣ್ಣು ಹೊತ್ತರು, ಸಾಲು ನಿಂತು ಕಲ್ಲು ದಾಟಿಸಿದರು. ಮಧ್ಯಾಹ್ನಕ್ಕೆ ಅವ್ವ ಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ಹೊರಿಸಿಕೊಂಡು ಬಂದಳು. ಹೆಂಗಸರೆಲ್ಲ ಹೋದ ಮೇಲೆ ಗಂಡಸರಿಗೆ ಮನೆಯಲ್ಲಿ ಕೂರಲು ನಾಚಿಕೆಯಾಗಿ, ಮುಂದಿನ ಸೋಮವಾರದಿಂದ ಅವರೂ ಒಬ್ಬೊಬ್ಬರಾಗಿ ಬಂದರು. "ನಮಗ್ಯಾರೂ ಕುಂಕುಮ ಇಟ್ಟಿಲ್ಲ, ಆದ್ರೂ ಬಂದಿದೀವಿ" ಎಂದು ಹಾಸ್ಯ ಮಾಡುತ್ತ ಗೋಡೆ ಏರಿಸಿದರು. ರಾಗಿ ಕಣದ ಕೆಲಸ ಮುಗಿದಾಗ ಶುರುವಾದದ್ದು ಮಳೆಗಾಲಕ್ಕೆ ಮೊದಲೇ ಹೆಂಚು ಕಂಡಿತು. ಕೊನೆಯ ದಿನ ನೆಲವನ್ನು ಸಗಣಿಯಿಂದ ಸಾರಿಸಿದ್ದು ನಂಜಮ್ಮಜ್ಜಿ. ಒಣಗುವ ಮುಂಚೆ ಯಾರೂ ಕಾಲಿಡಬಾರದೆಂದು ಬಾಗಿಲಲ್ಲೇ ಕಾವಲು ಕೂತಿದ್ದಳು.

ತಾಲ್ಲೂಕಿನಿಂದ ಆಫೀಸರು ಬಂದರು. ಅಪ್ಪ ಹಾರ ಹಾಕಿಸಿಕೊಂಡು, ಇದು ನಮ್ಮೂರ ಹೆಣ್ಣುಮಕ್ಕಳ ಕೋಣೆ, ನಾವು ಬರೀ ಕಾವಲುಗಾರರು ಎಂದು ಮಾತಾಡಿದರು. ನಾನು ಹೆಮ್ಮೆಯಿಂದ ಚಪ್ಪಾಳೆ ಹೊಡೆದೆ. ಬೀಗದ ಕೈ ಯಾರ ಬಳಿ ಇರಬೇಕೆಂಬ ಮಾತು ಬಂದಾಗ ಅವ್ವ ನಂಜಮ್ಮಜ್ಜಿಯ ಹೆಸರು ಹೇಳಿದಳು. ಅವಳ ಮನೆಯೇ ಕೋಣೆಗೆ ಹತ್ತಿರ. ಅಪ್ಪ, "ಚೇರ್ಮನ್ ಮನೇಲಿದ್ರೆ ಊರಲ್ಲಿದ್ದಂಗೇ ಅಲ್ವಾ?" ಅಂದರು. ಹೆಂಗಸರು ಹೌದೆಂದು ತಲೆಯಾಡಿಸಿದರು. ಬೀಗದ ಕೈ ನಮ್ಮ ಪಡಸಾಲೆಯ ಮೊಳೆಗೆ ಬಂತು.

ನರ್ಸು ಬರುವುದು ಇನ್ನೂ ತಡವಿತ್ತು. ಅಷ್ಟರಲ್ಲಿ ನಮ್ಮ ಅಟ್ಟದ ಹಳೆಯ ಕೊಬ್ಬರಿ ಇಳಿಸುವಾಗ ಒಂದು ತೊಲೆ ಬಿರುಕು ಬಿಟ್ಟಿರುವುದು ಕಂಡಿತು. ಅದರ ಕೆಳಗೇ ನಾನೂ ಅಜ್ಜಿಯೂ ಮಲಗುತ್ತಿದ್ದದ್ದು. ಹೊಸದಾಗಿ ಕಿತ್ತ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಆ ಸಲ ಫಸಲೂ ಚೆನ್ನಾಗಿ ಬಂದಿತ್ತು. ಮೋಡ ಕಟ್ಟುತ್ತಿತ್ತು.

"ನಾಲ್ಕು ದಿನ ಆ ಕೋಣೇಲಿ ಹಾಕಿರಾನ" ಅಂದರು ಅಪ್ಪ. "ಆಚಾರಿ ಬಂದು ತೊಲೆ ಹಾಕೋಗಂಟ."

ಅವ್ವ ತೊಲೆಯನ್ನು ನೋಡಿದಳು, ನನ್ನ ಹಾಸಿಗೆಯನ್ನು ನೋಡಿದಳು, ಹೂಂ ಅಂದಳು. ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ತೆಂಗಿನಕಾಯಿಯ ವಿಷಯದಲ್ಲಿ ನಾಲ್ಕು ದಿನ ಎನ್ನುವ ಮಾತೇ ಇಲ್ಲವೆಂದು ನಮ್ಮ ಕಡೆ ಹುಟ್ಟಿದ ಯಾರಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಆದರೆ ಹೇಳಿದವರು ಅಪ್ಪ. ಅನ್ನದ ಮುಂದೆ ಕೂತು ಮಾತು ಕೊಟ್ಟಿದ್ದ ಅಪ್ಪ. ಆದ್ದರಿಂದ ಅವ್ವ, ತನಗೆ ಗೊತ್ತಿದ್ದದ್ದನ್ನು ಬಿಟ್ಟು ಅವರ ಮಾತನ್ನು ನಂಬಿದಳು.

ಮರುದಿನ ನಾನು ಶಾಲೆಯಿಂದ ಬರುವಾಗ ಕೋಣೆಯೊಳಗಿನಿಂದ ಸುತ್ತಿಗೆಯ ಸದ್ದು ಕೇಳಿತು. ಅವ್ವ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಆಳುಗಳು ಅಡಿಕೆ ದಬ್ಬೆ ಸೀಳಿ, ಕಲ್ಲುಗಳ ಮೇಲೆ ಅಡ್ಡಪಟ್ಟಿ ಕೂರಿಸಿ, ಗೋಡೆಯಿಂದ ಗೋಡೆಗೆ ತಟ್ಟಿ ಹೊಡೆಯುತ್ತಿದ್ದರು. ಕೆಳಗಿನಿಂದ ಗಾಳಿಯಾಡಲು ಕಾಯಿಗೆ ಹಾಗೆಯೇ ತಟ್ಟಿ ಬೇಕು. ಆದರೆ ನಾಲ್ಕು ದಿನಕ್ಕಾದರೆ ಬೇಕಿಲ್ಲ, ನೆಲದ ಮೇಲೆ ಸುರಿದರೂ ನಡೆಯುತ್ತದೆ. ಅವ್ವ ನನ್ನ ಕೈಯಿಂದ ಪುಸ್ತಕದ ಚೀಲ ಇಸಿದುಕೊಂಡು ಮನೆಯ ಕಡೆ ನಡೆದಳು. ದಾರಿಯಲ್ಲಿ ಪುಟ್ಟತಾಯಿ ಎದುರಾಗಿ, ಏನಕ್ಕ ಒಳಗೆ ಕೆಲಸ, ನರ್ಸಮ್ಮನ ಮಂಚವಾ ಎಂದು ಕೇಳಿದಳು. ಆಗ ಅವಳು ಬಸುರಿ. ಅವ್ವ ನಿಲ್ಲದೆ ಮುಂದೆ ಹೋದದ್ದಕ್ಕೆ ಪುಟ್ಟತಾಯಿ ನನ್ನ ಮುಖ ನೋಡಿದಳು. ನಾನು ಅವ್ವನ ಹಿಂದೆ ಓಡಿದೆ.

ನಮ್ಮ ಮನೆಯ ಜಗಳಗಳು ಪಡಸಾಲೆಗೆ ಕೇಳಬಾರದು. ಅದು ರೂಢಿ. ಅಪ್ಪನೂ ಅವ್ವನೂ ಒಲೆಯ ಮುಂದೆ, ಹಾಲು ಕಾಯುವುದನ್ನು ನೋಡುತ್ತಿರುವವರಂತೆ ನಿಂತು, ಪಿಸುದನಿಯಲ್ಲಿ ಜಗಳವಾಡುತ್ತಿದ್ದರು. ತೊಲೆಯ ಕೆಲಸ ಮುಗಿದ ದಿನವೂ ಹಾಗೆಯೇ ಆಯಿತು.

"ತೊಲೆ ಆಯ್ತಲ್ಲ, ಕಾಯಿ ತರಿಸ್ರಿ."

"ಹಾಕಿದ ಕಾಯಿ ಅಲ್ಲಾಡ್ಸಾಕಾಗ್ತದಾ? ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತಿತ್ತು. ನೀವು ನಾಲ್ಕು ದಿನ ಅಂದ್ರಿ."

"ನರ್ಸು ಬರ್ಲಿ, ನೋಡನ. ಸರ್ಕಾರದೋರು ಹೇಳಿದ ತಕ್ಷಣ ಕಳಿಸ್ತಾರಾ?"

"ಬಂದ್ರೆ?"

"ಬಂದ್ರೆ ನಮ್ಮನೇಲಿರ್ತಾರೆ. ಚೇರ್ಮನ್ ಮನೆಗಿಂತ ಕೋಣೆ ಹೆಚ್ಚಾ?"

ಹಾಲು ಉಕ್ಕಿ ಒಲೆಗೆ ಬಿತ್ತು. ಅವ್ವ ಅದನ್ನು ಇಳಿಸಲಿಲ್ಲ.

ನರ್ಸಮ್ಮ ಬಂದೇ ಬಂದರು. ಹಾಸನದ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಬಿಳಿ ಸೀರೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಬಸ್ಸಿಳಿದು ನೇರ ಕೋಣೆಯ ಹತ್ತಿರ ಹೋಗಿ, ಕಿಟಕಿಯಲ್ಲಿ ಇಣುಕಿ ನೋಡಿ, ಆಮೇಲೆ ನಮ್ಮ ಮನೆಗೆ ಬಂದರು. ಅಪ್ಪ ತುಂಬ ಆದರದಿಂದ ಕುರ್ಚಿ ಹಾಕಿಸಿದರು. ಅವ್ವ ಅಕ್ಕಿರೊಟ್ಟಿ, ಕೊಬ್ಬರಿ ಚಟ್ನಿ ಕೊಟ್ಟಳು. ಬೀದಿ ಕಡೆ ಕಿಟಕಿಯಿದ್ದ ನಮ್ಮ ಪಕ್ಕದ ಕೋಣೆಯನ್ನು ಅಪ್ಪ ತೋರಿಸಿದರು. ನರ್ಸಮ್ಮ ಕೋಣೆಯನ್ನು ನೋಡಿ, ನಡುಮನೆಯಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿ ಕೇಳಿದರು:

"ಹೆರಿಗೆ ಇಲ್ಲೇ ಮಾಡಿಸ್ಬಹುದಾ ಅಮ್ಮ? ಯಾರ್ ಬಂದ್ರೂ?"

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ದಿನಾ ಹೇಳುತ್ತಿದ್ದ ಅಜ್ಜಿ, ಕುಟ್ಟಾಣಿಯನ್ನು ಪಕ್ಕಕ್ಕಿಟ್ಟಳು.

"ನಮ್ಮನೇಲಿ ಲಿಂಗಪೂಜೆ ನಡೀತದೆ ಕಣಮ್ಮ. ಎಲ್ಲಾ ಬಂದು ಹೆರಾಕೆ ಇದೇನು ಛತ್ರವಾ?"

ನರ್ಸಮ್ಮ ಅಪ್ಪನ ಕಡೆ ತಿರುಗಿದರು. ಅಪ್ಪ ಜಗಲಿಯ ಕಡೆ ನೋಡಿದರು. ಅಲ್ಲಿ ಕೂತಿದ್ದ ಇಬ್ಬರು ಮೆಂಬರುಗಳು ಎಲೆ ಅಡಿಕೆ ಹಾಕಿಕೊಳ್ಳತೊಡಗಿದರು.

"ನಾನು ಒಬ್ಬರ ಮನೇಲಿ ಇದ್ಕೊಂಡು ಕೆಲ್ಸ ಮಾಡಾಕಾಗಲ್ಲ ಸಾರ್. ಎಲ್ಲಾ ಜನಾನೂ ನನ್ ಹತ್ರ ಬರ್ಬೇಕಲ್ಲ. ಆ ಕೋಣೆ ಯಾವಾಗ ಬಿಡಿಸ್ಕೊಡ್ತೀರ ಹೇಳಿ, ಬತ್ತೀನಿ."

"ಕೊಬ್ಬರಿ ಆದ ಕೂಡ್ಲೆ" ಅಂದರು ಅಪ್ಪ.

ಆಕೆ ಸಂಜೆಯ ಬಸ್ಸಿಗೆ ಹೋದರು. ಬಸ್ಸಿನವರೆಗೆ ಅವ್ವ ಪೆಟ್ಟಿಗೆಯ ಒಂದು ಕಡೆ ಹಿಡಿದು ನಡೆದಳು. ಕೊಬ್ಬರಿಯಾಗುವವರೆಗೆ ಸರ್ಕಾರ ಕಾಯಲಿಲ್ಲ. ಆಕೆಯನ್ನು ಕೋಣೆಯಿದ್ದ ಇನ್ನೊಂದು ಊರಿಗೆ ಹಾಕಿದರೆಂದು ಆಮೇಲೆ ಗೊತ್ತಾಯಿತು.

ಪುಟ್ಟತಾಯಿಗೆ ನೋವು ಬಂದದ್ದು ಒಂದು ಬೆಳಿಗ್ಗೆ, ನಾನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ. ಗಾಡಿ ಹೂಡಿದರು. ಅವ್ವ ಆ ಹಳೆಯ ಕಂಬಳಿಯನ್ನು ತಂದು ತಾನೇ ಗಾಡಿಯಲ್ಲಿ ಹಾಸಿ, ಪುಟ್ಟತಾಯಿಯ ಪಕ್ಕದಲ್ಲಿ ಕೂತಳು. ದಾರಿ ಶಾಲೆಯ ಹಿಂದಿನದೇ. ಗಾಡಿ ಕೋಣೆಯ ಮುಂದೆ ಹಾದು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದೇ ಗಾಡಿ ಹಿಂದೆ ಬಂತು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಹೋದದ್ದು ಹೆಣ್ಣು ಮಗುವಂತೆ. ನರ್ಸಮ್ಮ ಊರಲ್ಲಿದ್ದಿದ್ದರೆ ಅದು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಅದು ಯಾರಿಗೂ ಗೊತ್ತಾಗುವ ವಿಷಯವಲ್ಲ. ನನಗೆ ಗೊತ್ತಿರುವುದು ಇಷ್ಟು. ಮೊದಲನೆಯದು ನನ್ನದೇ ಆಗಲಿ ಎಂದು ನಕ್ಕು ಕಲ್ಲು ಹೊತ್ತವಳು ಆ ಕೋಣೆಯ ಮುಂದೆ ಮಲಗಿಕೊಂಡು ಹೋದಳು, ಒಳಗೆ ನಮ್ಮ ಮನೆಯ ಕಾಯಿ ಕದಲದೆ ಮಲಗಿತ್ತು.

ಊರಿನಲ್ಲಿ ಗಲಾಟೆಯೇನೂ ಆಗಲಿಲ್ಲ. ಹೊರಗಿನವರು ಬಂದು ನೋಡಿದ್ದರೆ ಏನೂ ನಡೆದಿಲ್ಲ ಎನ್ನುತ್ತಿದ್ದರು. ಪುಟ್ಟತಾಯಿ ನೀರು ಸೇದಲು ಬಂದಾಗ ಅವ್ವ ಹಗ್ಗ ಬಿಟ್ಟುಕೊಡುತ್ತಿದ್ದಳು, ಆಕೆ ಇಸಿದುಕೊಳ್ಳುತ್ತಿದ್ದಳು. ಮಾತಿಲ್ಲ. ಮುಂದಿನ ಫಸಲಿಗೆ ಕೋಣೆ ಖಾಲಿಯಾಯಿತು, ಮತ್ತೆ ತುಂಬಿತು. ಆ ಸಲ ಒಂದು ಮೂಲೆಯಲ್ಲಿ ಆ ಇಬ್ಬರು ಮೆಂಬರುಗಳ ಕಾಯಿಯೂ ಇತ್ತು. ನಾನು ಪೇಪರು ಓದುವುದನ್ನು ಬಿಟ್ಟೆ. ಕಣ್ಣು ನೋಯುತ್ತದೆಂದು ಹೇಳಿದೆ. ಅಪ್ಪ ನಂಬಿದರು, ತಿಪಟೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದರು. ಆ ದಿನದಿಂದ ಇಂದಿನವರೆಗೆ, ಯಾರಾದರೂ ನನಗೆ ಮಾತು ಕೊಟ್ಟರೆ ಅವರ ಬಾಯಿಯನ್ನು ನೋಡುವುದಿಲ್ಲ. ಹಿಂದೆ ಎಲ್ಲಾದರೂ ದಬ್ಬೆ ಸೀಳುವ ಸದ್ದಿದೆಯೇ ಎಂದು ಕೇಳಿಸಿಕೊಳ್ಳುತ್ತೇನೆ.

ನಾನು ದೊಡ್ಡವಳಾದಾಗ ನನ್ನನ್ನು ಕೂರಿಸಿದ್ದು ಅದೇ ಪಕ್ಕದ ಕೋಣೆಯಲ್ಲಿ, ನರ್ಸಮ್ಮನಿಗೆ ತೋರಿಸಿದ್ದ ಕೋಣೆಯಲ್ಲಿ. ಬೆಳಿಗ್ಗೆ ಎಣ್ಣೆ, ಮೆಂತ್ಯದ ಹಿಟ್ಟು, ಮಧ್ಯಾಹ್ನ ಕೊಬ್ಬರಿ ಬೆಲ್ಲ ಎಳ್ಳು ಕುಟ್ಟಿದ ಚಿಗಳಿ ತಿನ್ನಿಸುತ್ತಿದ್ದರು. ಕೊನೆಯ ದಿನದ ಆರತಿಗೆ ಊರನ್ನು ಕರೆಯಬೇಕೆಂದು ಅಜ್ಜಿ ಹಟ ಹಿಡಿದಳು. ಅವ್ವನಿಗೆ ಇಷ್ಟವಿರಲಿಲ್ಲ. ನೆಂಟರಷ್ಟೇ ಸಾಕು ಅಂದಳು. ಚೇರ್ಮನ್ ಮಗಳಿಗೆ ಕದ್ದು ಆರತಿ ಮಾಡ್ತೀಯಾ ಎಂದು ಅಜ್ಜಿ ಕೇಳಿದಳು. ಪೆಟ್ಟಿಗೆಯಿಂದ ಬಟ್ಟಲು ಹೊರಗೆ ಬಂತು. ಕೋಣೆ ಕಟ್ಟಿದ ಸೋಮವಾರಗಳ ನಂತರ ಅದು ಹೊರಗೆ ಬಂದದ್ದು ಅದೇ ಮೊದಲ ಸಲ. ಎದುರು ಮನೆಯ ಬಾಗಿಲಿಗೆ ಅವ್ವ ಹೋದದ್ದು ಕೂತಲ್ಲಿಂದ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಪುಟ್ಟತಾಯಿ."

ಬಾಗಿಲು ಸರಿದ ಸದ್ದು. ಆಮೇಲೆ ಪುಟ್ಟತಾಯಿಯ ದನಿ. ಸಿಟ್ಟಿನದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

"ಇದು ನಿಮ್ಮನೆ ಕುಂಕುಮಾನೋ ಅಕ್ಕ, ಪಂಚಾಯ್ತಿ ಕುಂಕುಮಾನೋ?"

ಅವ್ವ ಏನು ಹೇಳಿದಳೋ ನನಗೆ ಕೇಳಲಿಲ್ಲ. ನಾನು ಕಿಟಕಿಯ ಕೆಳಗೆ ಚಾಪೆಯ ಮೇಲೆ ಕೂತು, ನನ್ನ ಹೆಸರಿನಲ್ಲಿ ಆ ಬಟ್ಟಲು ಮನೆ ಮನೆಗೆ ಹೋಗುತ್ತಿದೆಯಲ್ಲ ಎಂದು ಮುಖವನ್ನು ಮೊಣಕಾಲಿನಲ್ಲಿ ಮುಚ್ಚಿಕೊಂಡೆ.

ಯಾರೂ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರೂ ಬಂದರು. ಕುಂಕುಮವಿಟ್ಟು ಕರೆದ ಮೇಲೆ ಬರದೇ ಇರುವುದಿಲ್ಲ. ತಮ್ಮ ಪಾಲಿನದನ್ನು ಅವರು ನಡೆಸಿದರು. ಹೂ ಮುಡಿದುಕೊಂಡು ಬಂದರು, ನನ್ನ ಕೆನ್ನೆಗೆ ಅರಿಶಿನ ಹಚ್ಚಿದರು, ಆರತಿ ಎತ್ತಿದರು, ಹಾಡು ಹೇಳಿದರು. ನಂಜಮ್ಮಜ್ಜಿ ಜಗಲಿಯ ಕೆಳಗೆ ನಿಂತು, ಒಳಗೆ ಬರದೆ, ನನಗೆ ಎರಡೂ ಕೈಯಿಂದ ನೆಟಿಗೆ ತೆಗೆದಳು. ಪುಟ್ಟತಾಯಿಯೂ ಬಂದಿದ್ದಳು. ಅವಳ ಬೆರಳು ನನ್ನ ಕೆನ್ನೆಗೆ ತಗುಲಿದಾಗ ನಾನು ಕಣ್ಣು ಮುಚ್ಚಿಕೊಂಡೆ. ತಾಂಬೂಲದಲ್ಲಿ ಎಲ್ಲರಿಗೂ ಕೊಬ್ಬರಿ ಗಿಟುಕು ಕೊಡಬೇಕಲ್ಲ. ಅಪ್ಪ ಅವನ್ನು ಬೆಳಿಗ್ಗೆಯೇ ಆ ಕೋಣೆಯಿಂದ ತರಿಸಿದ್ದರು. ತಾವು ಕಟ್ಟಿದ ಗೋಡೆಗಳ ನಡುವೆ ಒಣಗಿದ ಕೊಬ್ಬರಿಯನ್ನು ಹೆಂಗಸರು ಒಬ್ಬೊಬ್ಬರಾಗಿ ಸೆರಗಿನಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು ಹೋದರು. ಕೊನೆಯಲ್ಲಿ ಪುಟ್ಟತಾಯಿ. ಅವಳ ಮಡಿಲಿಗೆ ಅವ್ವ ಕೊಬ್ಬರಿ ಹಾಕಲಿಲ್ಲ. ಬೇರೇನನ್ನೋ ಎಲೆಯಲ್ಲಿ ಸುತ್ತಿ ಇಟ್ಟು, ಸೆರಗಿನ ತುದಿಯನ್ನು ತಾನೇ ಗಂಟು ಹಾಕಿದಳು. ಬಾಳೆಹಣ್ಣಿರಬೇಕು ಎಂದುಕೊಂಡೆ.

ಸಂಜೆ ಅಪ್ಪ ಒಲೆಯ ಹತ್ತಿರ ಬಂದು ನೆಮ್ಮದಿಯಿಂದ ಹೇಳಿದರು:

"ನೋಡ್ದಾ? ಎಲ್ಲಾ ಬಂದ್ರಲ್ಲ. ಸುಮ್ನೆ ಕೊರಗ್ತಿದ್ದೆ. ಊರು ಮರೀತದೆ ಕಣೇ."

ಅವ್ವ ಒಲೆ ಊದುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿತ್ತೆಂದು ಹೇಳಬಹುದು.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಹೊಸ ಮಂಡಲ ಪಂಚಾಯ್ತಿಗಳು ಬಂದವು. ಹೆಂಗಸರಿಗೆಂದೇ ಸೀಟುಗಳಿದ್ದವು. ರಜೆಗೆ ಬಂದಿದ್ದೆ. ಊಟದ ಹೊತ್ತು, ಅದೇ ಮಣೆ, ಅದೇ ಜಾಗ. ಅಜ್ಜಿಯ ಜಾಗ ಮಾತ್ರ ಖಾಲಿ. ಆ ಕೋಣೆಯ ಬಾಗಿಲಿಗೆ ಈಗ ಎರಡು ಬೀಗಗಳು, ಒಂದು ನಮ್ಮದು, ಒಂದು ಮೆಂಬರುಗಳದು.

"ಲೇಡೀಸ್ ಸೀಟಿಗೆ ನೀನೇ ನಿಲ್ಲು" ಅಂದರು ಅಪ್ಪ. "ಪ್ರಚಾರ ಗಿಚಾರ ಏನೂ ಬೇಡ. ಅವತ್ತು ಕರೆದಂಗೆ ಒಂದು ಸುತ್ತು ಕುಂಕುಮ ಇಟ್ಟು ಬಾ. ಯಾರೂ ಎದುರು ನಿಲ್ಲಲ್ಲ."

ಅವರು ಹೇಳಿದ್ದು ಸರಿಯೇ. ಅವ್ವ ಕರೆದಿದ್ದರೆ ಅವರು ಆಗಲೂ ಬರುತ್ತಿದ್ದರು. ಅಪ್ಪ ಅದನ್ನು ಇಷ್ಟು ವರ್ಷ ಜೋಪಾನವಾಗಿ ನೆನಪಿಟ್ಟುಕೊಂಡಿದ್ದರು ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು.

ಅವ್ವ ನನ್ನ ತಟ್ಟೆಗೆ ಸಾರು ಬಿಟ್ಟಳು. ಆಮೇಲೆ ಹೇಳಿದಳು:

"ಕರಿಯೋ ಬಟ್ಟಲು ಇಲ್ಲ."

"ಎಲ್ಲೋಯ್ತು?"

"ಪುಟ್ಟತಾಯಿ ಮನೇಲದೆ. ಇವಳ ಆರತಿ ದಿನ ಮಡಿಲಿಗೆ ಹಾಕಿ ಕಳಿಸ್ದೆ."

ಅಪ್ಪನ ಕೈ ಮುದ್ದೆಯ ಮೇಲೆ ನಿಂತಿತು.

"ಅವಳಿಗ್ಯಾಕೆ ಕೊಟ್ಟೆ?"

"ಕರೆದದ್ದು ನಡಿಯೋ ಮನೇಲಿರ್ಲಿ ಅಂತ ಕೊಟ್ಟೆ."

"ಹೋಗ್ಲಿ ಬುಡು, ಬೇರೆ ತಂದ್ರಾಯ್ತು."

"ತರ್ರಿ. ಕರಿಯೋರು ಯಾರು?"

ಅಪ್ಪ ನನ್ನ ಕಡೆ ನೋಡಿದರು. ನಾನು ತಟ್ಟೆಯನ್ನು ನೋಡಿದೆ. ಅವ್ವ ಪಾತ್ರೆಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ನಮ್ಮ ಮನೆಯ ರೂಢಿ ಮುರಿದು, ಪಡಸಾಲೆಯಲ್ಲಿ ಕೂತವರಿಗೂ ಕೇಳುವಂತೆ ಹೇಳಿದಳು:

"ನಿಮಗೆ ಅದೇ ಬಟ್ಟಲು ಬೇಕಂದ್ರೆ ನೀವೇ ಹೋಗಿ ಅವಳನ್ನ ಕೇಳ್ರಿ. ಯಾತಕ್ಕೆ ಬೇಕು ಅಂತ ಅವಳು ಕೇಳ್ತಾಳೆ. ಹೇಳಿ ಇಸ್ಕೊಂಡು ಬನ್ನಿ. ತಂದ ದಿನ ನಾನು ಹೊರಡ್ತೀನಿ."

ಅಪ್ಪ ಊಟ ಮುಗಿಸಿ ಕೈ ತೊಳೆದರು. ಶಲ್ಯ ಹೆಗಲಿಗೆ ಹಾಕಿಕೊಂಡು, ಪಡಸಾಲೆಯವರನ್ನು ದಾಟಿ, ಜಗಲಿಯ ತುದಿಗೆ ಬಂದು ನಿಂತರು. ನಾನು ಎದ್ದು ಹೋಗಿ ನಿಂತ ಪಕ್ಕದ ಕೋಣೆಯ ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಒಂದು ಕಾಲು ಚಪ್ಪಲಿಯೊಳಗೆ ಹೋಯಿತು, ಇನ್ನೊಂದು ಸ್ವಲ್ಪ ತಡೆಯಿತು. ಆಮೇಲೆ ಮೆಟ್ಟಿಲಿಳಿದು, ಬಲಕ್ಕೆ ತಿರುಗಿ, ತೋಟದ ದಾರಿ ಹಿಡಿದರು.

ಎದುರು ಮನೆಯ ಬಾಗಿಲು ತೆರೆದೇ ಇತ್ತು.